ಅಧಿಕಾರವಿಲ್ಲದ ಸಲಹೆಗಾರ ವಿಶ್ವೇಶ್ವರಯ್ಯ

ಮೈಸೂರಿನ ದಿವಾನರಾಗಿ, ಕನ್ನಂಬಾಡಿ ಕಟ್ಟೆಯ ರೂವಾರಿಯಾಗಿ ಸರ್ ಎಂ. ವಿಶ್ವೇಶ್ವರಯ್ಯನವರು ನಾಡಿಗೆ ಸುಪರಿಚಿತರು. ಹುದ್ದೆಯ ಬಲವಿಲ್ಲದೆ ಸ್ವತಂತ್ರ ಸಲಹೆಗಾರರಾಗಿ ಅವರು ಸಲ್ಲಿಸಿದ ಸೇವೆಯೂ ಅಷ್ಟೇ ಹಿರಿದು.

ಮುಂಬಯಿ ಸರ್ಕಾರದ ಸೇವೆಯಲ್ಲಿ ಅವರು ಸೂಪರಿಂಟೆಂಡಿಂಗ್ ಎಂಜಿನಿಯರ್ ಆಗಿದ್ದರು. ಮುಖ್ಯ ಎಂಜಿನಿಯರ್ ಹುದ್ದೆ ಅಂದು ಭಾರತೀಯರಿಗೆ ದಕ್ಕುವಂತಿರಲಿಲ್ಲ. ಪಿಂಚಣಿಗೆ ಬೇಕಾದ 25 ವರ್ಷಗಳ ಸೇವೆ ಪೂರ್ಣಗೊಳ್ಳುವ ಮೊದಲೇ, 1908ರಲ್ಲಿ, ಅವರು ಸ್ವಯಂ ನಿವೃತ್ತಿ ಪಡೆದರು.

ಅದೇ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಹೈದರಾಬಾದಿನಲ್ಲಿ ಸಾವಿರಾರು ಜನ ಪ್ರಾಣ ತೆತ್ತರು. ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರದಿಂದ ಕರೆ ಬಂದಿತು. 1909ರಲ್ಲಿ ಅಲ್ಲಿಗೆ ತೆರಳಿದ ಅವರು ನಗರವನ್ನಷ್ಟೇ ನೋಡಲಿಲ್ಲ. ನದಿಯ ಮೇಲ್ಭಾಗದಲ್ಲಿ ಸುರಿದ ಮಳೆ, ಒಡೆದ ಕೆರೆಗಳ ಲೆಕ್ಕ ಹಾಕಿದರು. ನೆರೆಯನ್ನು ನಗರ ತಲುಪುವ ಮುನ್ನವೇ ಜಲಾಶಯಗಳಲ್ಲಿ ತಡೆಯಬೇಕೆಂದು ವರದಿ ನೀಡಿದರು. ಅದೇ ವರ್ಷ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೊರಟರೂ ಅವರ ಯೋಜನೆ ಮೂಲೆಗುಂಪಾಗಲಿಲ್ಲ. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ನೆರೆ ತಡೆಗೆಂದು ಕಟ್ಟಿದ ಜಲಾಶಯಗಳು ನಗರದ ಬಾಯಾರಿಕೆಯನ್ನೂ ನೀಗಿಸಿದವು.

1918ರಲ್ಲಿ ದಿವಾನಗಿರಿ ತೊರೆದ ಬಳಿಕವೂ ಸರ್ಕಾರಗಳು ಅವರ ಸಲಹೆ ಕೇಳುತ್ತಲೇ ಇದ್ದವು. 90 ದಾಟಿದ ವಯಸ್ಸಿನಲ್ಲಿ ಬಿಹಾರಕ್ಕೆ ತೆರಳಿ, ಗಂಗಾ ನದಿಯ ಸೇತುವೆಗೆ ಸ್ಥಳ ಪರಿಶೀಲಿಸಿದರು. ಆ ಸೇತುವೆ 1959ರಲ್ಲಿ ಮೊಕಾಮಾದಲ್ಲಿ ಸಂಚಾರಕ್ಕೆ ತೆರೆಯಿತು.

1962ರ ಏಪ್ರಿಲ್ 14ರಂದು ಅವರು ನಿಧನರಾದರು. ಆದೇಶ ಹೊರಡಿಸುವ ಅಧಿಕಾರ ಸಲಹೆಗಾರನಿಗಿಲ್ಲ. ಸ್ಥಳ ನೋಡಿ, ಲೆಕ್ಕ ಹಾಕಿ ಬರೆದ ವರದಿಯೇ ಅವರ ಮಾತಿಗೆ ತೂಕ ತಂದಿತ್ತು.