ತಮ್ಮದೇ ಪಕ್ಷಕ್ಕೆ ಬಹುಮತ ಸಿಗದ ಸಂಸತ್ತು ಕಟ್ಟಿದ ಡೊನಾಲ್ಡ್ ಡ್ಯೂವರ್

ಗೆಲ್ಲೋದು ಗ್ಯಾರಂಟಿ ಇರುವ ಪಕ್ಷದ ನಾಯಕನೊಬ್ಬ, ತನ್ನ ಪಕ್ಷ ಒಂಟಿಯಾಗಿ ಅಧಿಕಾರ ಹಿಡಿಯೋದೇ ಕಷ್ಟವಾಗುವಂಥ ಚುನಾವಣಾ ಪದ್ಧತಿಯನ್ನು ತಾನೇ ಮುಂದೆ ನಿಂತು ಕಾನೂನು ಮಾಡಿಸ್ತಾನೆ ಅಂದ್ರೆ ನಮ್ಮಲ್ಲಿ ಯಾರೂ ನಂಬಲ್ಲ. ಸ್ಕಾಟ್ಲೆಂಡಿನ ಡೊನಾಲ್ಡ್ ಡ್ಯೂವರ್ ಮಾಡಿದ್ದು ಅದನ್ನೇ. ಆಮೇಲೆ ಆ ಪದ್ಧತಿ ಮೊದಲು ಕಟ್ಟಿಹಾಕಿದ್ದು ಅವರ ಕೈಯನ್ನೇ, ಅದೂ ಕಾಲೇಜು ಫೀಸಿನ ವಿಷಯದಲ್ಲಿ. ತೆರಿಗೆ ಪಾಲು, ನೀಟ್, ಕುಲಪತಿ ನೇಮಕ ಅಂತ ದಿನಾ ರಾಜ್ಯಗಳ ಹಕ್ಕಿನ ಬಗ್ಗೆ ಜಗಳ ಆಡುವ ನಮಗೆ ಈ ಮನುಷ್ಯನ ಬದುಕು ಗೊತ್ತಿರಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ.

ಡ್ಯೂವರ್ ಹುಟ್ಟಿದ್ದು 1937ರಲ್ಲಿ, ಗ್ಲಾಸ್ಗೋದಲ್ಲಿ. ತಂದೆ ಚರ್ಮರೋಗ ತಜ್ಞರು. ಅಪ್ಪ ಅಮ್ಮ ಇಬ್ಬರಿಗೂ ಕಾಯಿಲೆ ಬಂದಿದ್ದರಿಂದ ಬಾಲ್ಯದ ಒಂದಷ್ಟು ಕಾಲ ಮನೆಯಿಂದ ದೂರದ ಶಾಲೆಗಳಲ್ಲೇ ಕಳೆಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಮೊದಲು ಇತಿಹಾಸ, ಆಮೇಲೆ ಕಾನೂನು ಓದಿದರು. ಅಲ್ಲಿನ ಚರ್ಚಾಕೂಟದಲ್ಲಿ ಜೊತೆಗಿದ್ದವರಲ್ಲಿ ಮುಂದೆ ಲೇಬರ್ ಪಕ್ಷದ ನಾಯಕರಾದ ಜಾನ್ ಸ್ಮಿತ್ ಒಬ್ಬರು. ಉದ್ದನೆಯ ಆಳು, ಹೇಗೆ ಹೊಲಿಸಿದರೂ ಮೈಗೆ ಸರಿಯಾಗಿ ಕೂರದ ಸೂಟು, ದಪ್ಪ ಕನ್ನಡಕ, ಭಯಂಕರ ಹಸಿವು. ಇವತ್ತಿನ ಇಮೇಜ್ ಕನ್ಸಲ್ಟೆಂಟ್‌ಗಳು ಒಂದೇ ದಿನಕ್ಕೆ ಕೈಚೆಲ್ಲುವಂಥ ವ್ಯಕ್ತಿ. 1966ರಲ್ಲಿ, 28ನೇ ವಯಸ್ಸಿಗೆ ಅಬರ್ಡೀನ್ ಸೌತ್ ಕ್ಷೇತ್ರದಿಂದ ಲಂಡನ್ನಿನ ಸಂಸತ್ತಿಗೆ ಹೋದರು. 1970ರಲ್ಲಿ ಸೋತರು.

ಆ ಸೋಲಿನ ಸುಮಾರಿಗೇ ಸಂಸಾರವೂ ಒಡೆಯಿತು. ಹೆಂಡತಿ ಅವರನ್ನು ಬಿಟ್ಟು, ಅವರ ವಿಶ್ವವಿದ್ಯಾಲಯದ ಗೆಳೆಯನೇ ಆಗಿದ್ದ ವಕೀಲ ಡೆರಿ ಅರ್ವಿನ್ ಜೊತೆ ಹೋದರು. 1973ರಲ್ಲಿ ವಿಚ್ಛೇದನ. ಡ್ಯೂವರ್ ಮತ್ತೆ ಮದುವೆಯಾಗಲಿಲ್ಲ. ಇದನ್ನು ಗಾಸಿಪ್ ಅಂತ ಹೇಳ್ತಿಲ್ಲ, ಈ ಹೆಸರು ಮುಂದೆ ಮತ್ತೆ ಬರುತ್ತೆ.

1978ರ ಉಪಚುನಾವಣೆಯಲ್ಲಿ ಗ್ಲಾಸ್ಗೋದ ಗಾರ್ಸ್ಕಾಡನ್‌ನಿಂದ ಗೆದ್ದು ವಾಪಸ್ ಬಂದರು. ಮರುವರ್ಷ ಮಾರ್ಚಿನಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಬೇಕೇ ಅಂತ ಜನಮತ ಕೇಳಲಾಯಿತು. ಮತ ಹಾಕಿದವರಲ್ಲಿ ಶೇ 51.6 ಮಂದಿ ಬೇಕು ಅಂದರು. ಆದರೂ ಸಿಗಲಿಲ್ಲ. ಒಟ್ಟು ಮತದಾರರಲ್ಲಿ ಶೇ 40ರಷ್ಟು ಜನ ಹೌದು ಅನ್ನಲೇಬೇಕು ಅಂತ ಕಾನೂನಿಗೆ ಒಂದು ತಿದ್ದುಪಡಿ ಸೇರಿತ್ತು. ಮನೇಲಿ ಕೂತವರೂ ಬೇಡ ಅಂದ ಲೆಕ್ಕವೇ ಆಯಿತು. ತಿದ್ದುಪಡಿ ತಂದವರು ವಿರೋಧ ಪಕ್ಷದವರಲ್ಲ, ಲೇಬರ್ ಸಂಸದರೇ. ಆಮೇಲೆ 18 ವರ್ಷ ಲಂಡನ್ನಿನಲ್ಲಿ ಕನ್ಸರ್ವೇಟಿವ್ ಆಡಳಿತ. ಆ ಉದ್ದಕ್ಕೂ ಸ್ಕಾಟ್ಲೆಂಡ್ ಲೇಬರ್‌ಗೇ ಹೆಚ್ಚು ಸೀಟು ಕೊಡುತ್ತಿತ್ತು, ಅದರ ಶಾಲೆ, ಆಸ್ಪತ್ರೆ, ಕೌನ್ಸಿಲ್‌ಗಳ ನಿರ್ಧಾರ ಮಾತ್ರ ಅಲ್ಲಿ ಸೋತ ಪಕ್ಷದವರು ಮಾಡುತ್ತಿದ್ದರು. ಪೋಲ್ ಟ್ಯಾಕ್ಸ್ ಎಂಬ ತಲೆಗಂದಾಯ ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲು, 1989ರಲ್ಲಿ, ಸ್ಕಾಟ್ಲೆಂಡಿಗೆ ಬಂತು.

ಅದೇ 1989ರಲ್ಲಿ ಪಕ್ಷಗಳು, ಚರ್ಚುಗಳು, ಟ್ರೇಡ್ ಯೂನಿಯನ್‌ಗಳು ಸೇರಿ ಸಂವಿಧಾನ ಸಮಾವೇಶ ಅಂತ ಒಂದು ವೇದಿಕೆ ಕಟ್ಟಿದವು. ಲೇಬರ್ ಪಕ್ಷವನ್ನು ಅದರೊಳಗೆ ಕರೆದುತಂದವರು ಡ್ಯೂವರ್. ಅಲ್ಲಿ ಲಿಬರಲ್ ಡೆಮಾಕ್ರಾಟ್‌ಗಳ ಜೊತೆ ಕೂತು ಒಪ್ಪಿಕೊಂಡಿದ್ದೇ ಅನುಪಾತ ಪ್ರಾತಿನಿಧ್ಯ. 129 ಸ್ಥಾನಗಳಲ್ಲಿ 73 ಕ್ಷೇತ್ರಗಳಿಂದ ನೇರ ಆಯ್ಕೆ, ಉಳಿದ 56 ಪ್ರಾದೇಶಿಕ ಪಟ್ಟಿಗಳಿಂದ, ಮತಪ್ರಮಾಣ ಸರಿದೂಗಿಸುವಂತೆ. ಹಳೆ ಪದ್ಧತಿಯೇ ಇದ್ದಿದ್ದರೆ ಲೇಬರ್ ಅಲ್ಲಿ ಆರಾಮಾಗಿ ಆಳಬಹುದಿತ್ತು. ಪಕ್ಷದೊಳಗೆ ಗೊಣಗಾಟ ಇತ್ತು. ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೂ ಒಂಟಿಯಾಗಿ ಬಹುಮತ ಸಿಗಲ್ಲ ಅನ್ನೋ ಲೆಕ್ಕಾಚಾರ ಇತ್ತು ಅಂತ ಅನೇಕರು ಹೇಳ್ತಾರೆ, ಇದ್ದಿರಬಹುದು. 2011ರಲ್ಲಿ ಆ ಪಕ್ಷ 69 ಸೀಟು ಗೆದ್ದು ಅದನ್ನೂ ಸುಳ್ಳು ಮಾಡಿತು.

1997ರ ಮೇನಲ್ಲಿ ಟೋನಿ ಬ್ಲೇರ್ ಗೆದ್ದರು, ಡ್ಯೂವರ್ ಸ್ಕಾಟ್ಲೆಂಡ್ ಸಚಿವರಾದರು. ಅಧಿಕಾರ ಹಂಚಿಕೆಯ ಮಸೂದೆ ರೂಪಿಸುವ ಸಂಪುಟ ಸಮಿತಿಗೆ ಅಧ್ಯಕ್ಷರಾಗಿದ್ದವರು ಲಾರ್ಡ್ ಚಾನ್ಸಲರ್ ಡೆರಿ ಅರ್ವಿನ್. ಹೌದು, ಅದೇ ಅರ್ವಿನ್. ತಿಂಗಳುಗಟ್ಟಲೆ ಆ ಮೇಜಿನ ಎದುರು ಕೂತು, ಕಲಮು ಕಲಮಿಗೂ ವಾದ ಮಾಡಿ ಡ್ಯೂವರ್ ತಮ್ಮ ಕೆಲಸ ಮುಗಿಸಿದರು. ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

ಆ ಕೆಲಸದ ಒಂದು ತಾಂತ್ರಿಕ ವಿವರ ನಾವು ಗಮನಿಸಬೇಕಾದ್ದು. 1978ರ ಹಳೇ ಕಾಯ್ದೆ ಸ್ಕಾಟ್ಲೆಂಡಿಗೆ ಏನೇನು ಕೊಡ್ತೀವಿ ಅಂತ ಪಟ್ಟಿ ಮಾಡಿತ್ತು. 1998ರ ಕಾಯ್ದೆ ಉಲ್ಟಾ. ಲಂಡನ್ ತನ್ನ ಬಳಿ ಏನೇನು ಉಳಿಸಿಕೊಳ್ಳುತ್ತೆ ಅಂತ 5ನೇ ಅನುಸೂಚಿಯಲ್ಲಿ ಪಟ್ಟಿ ಹಾಕಿತು, ಅದರಲ್ಲಿ ಇಲ್ಲದ್ದೆಲ್ಲ ಎಡಿನ್‌ಬರೋದ್ದು. ಆರೋಗ್ಯ, ಶಾಲೆ, ಕಾಲೇಜು, ವಿಶ್ವವಿದ್ಯಾಲಯ, ಸ್ಥಳೀಯ ಆಡಳಿತ ಎಲ್ಲವೂ ಹಾಗೆ ಬಂದವು. ನಮ್ಮಲ್ಲಿ ಪಟ್ಟಿಯಲ್ಲಿಲ್ಲದ ವಿಷಯ ಕೇಂದ್ರಕ್ಕೆ ಹೋಗುತ್ತೆ, ಕೇಂದ್ರ ಪಟ್ಟಿಯ 97ನೇ ನಮೂದು ನೋಡಿ. ಶಿಕ್ಷಣವಂತೂ 1976ರ 42ನೇ ತಿದ್ದುಪಡಿಯಲ್ಲಿ ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಜಾರಿತು. ಹಾಗಂತ ಸ್ಕಾಟ್ಲೆಂಡ್ ಸ್ವರ್ಗ ಅಂದುಕೋಬೇಡಿ. ದುಡ್ಡು ಲಂಡನ್ನಿನಿಂದ ಬಾರ್ನೆಟ್ ಸೂತ್ರದ ಪ್ರಕಾರ ಇಡಿಗಂಟಾಗಿ ಬರುತ್ತಿತ್ತು. ಆದಾಯ ತೆರಿಗೆಯ ಮೂಲ ದರವನ್ನು ಪೌಂಡಿಗೆ 3 ಪೆನ್ನಿ ಮಾತ್ರ ಏರಿಳಿಸುವ ಅಧಿಕಾರ ಇತ್ತು, ಅದನ್ನು ಯಾರೂ ಬಳಸಲೇ ಇಲ್ಲ. 1997ರ ಸೆಪ್ಟೆಂಬರ್ 11ರ ಜನಮತದಲ್ಲಿ ಸಂಸತ್ತಿಗೆ ಶೇ 74.3, ತೆರಿಗೆ ಅಧಿಕಾರಕ್ಕೆ ಶೇ 63.5 ಒಪ್ಪಿಗೆ ಬಿತ್ತು.

ಈಗ ಫೀಸಿಗೆ ಬರೋಣ. ಬ್ಲೇರ್ ಸರ್ಕಾರ 1998ರಿಂದ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ 1,000 ಪೌಂಡ್‌ವರೆಗೆ ಬೋಧನಾ ಶುಲ್ಕ ತಂದಿತ್ತು, ಮನೆಯ ಆದಾಯ ನೋಡಿ. ಆ ಸಂಪುಟದಲ್ಲಿ ಡ್ಯೂವರ್ ಇದ್ದರು. 1999ರ ಮೇ 6ರಂದು ಸ್ಕಾಟಿಷ್ ಸಂಸತ್ತಿಗೆ ಮೊದಲ ಚುನಾವಣೆ ನಡೆಯಿತು. ನೇರ ಕ್ಷೇತ್ರ 73ರಲ್ಲಿ ಲೇಬರ್ ಗೆದ್ದಿದ್ದು 53! ಪಟ್ಟಿಯಿಂದ ಸಿಕ್ಕಿದ್ದು ಬರೀ 3. ಒಟ್ಟು 56, ಬಹುಮತಕ್ಕೆ ಬೇಕಿದ್ದು 65. ಉಳಿದ ದೊಡ್ಡ ಪಕ್ಷಗಳೆಲ್ಲ, ಕನ್ಸರ್ವೇಟಿವ್‌ಗಳೂ ಸೇರಿ, ಶುಲ್ಕ ತೆಗೀತೀವಿ ಅಂತಲೇ ಓಟು ಕೇಳಿದ್ದವು. ಡ್ಯೂವರ್ ಮೊದಲ ಫಸ್ಟ್ ಮಿನಿಸ್ಟರ್ ಆಗಬೇಕಾದರೆ 17 ಸೀಟಿನ ಲಿಬರಲ್ ಡೆಮಾಕ್ರಾಟ್‌ಗಳು ಬೇಕು. ಶುಲ್ಕದ ಬಗ್ಗೆ ಸಂಧಾನವೇ ಆಗದು ಅಂದಿದ್ದ ಅವರು ಒಂದು ಮಧ್ಯದ ದಾರಿಗೆ ಒಪ್ಪಿದರು: ಸ್ವತಂತ್ರ ಸಮಿತಿ.

ಸಮಿತಿ ಅಂದ ಕೂಡಲೇ ವಿಷಯ ಹೂತುಹಾಕೋ ಉಪಾಯ ಅಂತ ನಮಗೆ ಅನ್ನಿಸೋದು ಸಹಜ. ಅಲ್ಲೂ ಹಾಗೇ ಅಂದುಕೊಂಡವರಿದ್ದರು. ಆದರೆ ವಕೀಲ ಆಂಡ್ರ್ಯೂ ಕ್ಯೂಬಿ ನೇತೃತ್ವದ ಆ ಸಮಿತಿ ಡಿಸೆಂಬರ್‌ನಲ್ಲೇ ವರದಿ ಕೊಟ್ಟಿತು. ಪ್ರವೇಶದ ಹೊತ್ತಿನ ಶುಲ್ಕ ಬೇಡ, ಬಡ ವಿದ್ಯಾರ್ಥಿಗಳಿಗೆ ಜೀವನ ವೆಚ್ಚದ ಅನುದಾನ ವಾಪಸ್ ಕೊಡಿ, ಪದವಿ ಪಡೆದು ವರ್ಷಕ್ಕೆ 25,000 ಪೌಂಡ್ ದುಡಿಯೋಕೆ ಶುರು ಮಾಡಿದ ಮೇಲೆ 3,075 ಪೌಂಡ್ ದತ್ತಿ ಕಟ್ಟಿಸಿಕೊಳ್ಳಿ ಅಂದಿತು. 2000ದ ಜನವರಿಯಲ್ಲಿ ಮೈತ್ರಿ ಸರ್ಕಾರ ಒಪ್ಪಂದಕ್ಕೆ ಬಂತು. ಶುಲ್ಕ ಹೋಯಿತು. ದತ್ತಿಯನ್ನು 2,000 ಪೌಂಡಿಗೆ ಇಳಿಸಿದರು, ಆದರೆ ಕಟ್ಟಲು ಶುರುಮಾಡುವ ಆದಾಯ ಮಿತಿಯನ್ನೂ 10,000ಕ್ಕೆ ಇಳಿಸಿಬಿಟ್ಟರು. ಆ ಕೊನೆಯ ಬದಲಾವಣೆ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ವರ್ಷಕ್ಕೆ 10,000 ದುಡಿಯುವವನು ಪದವಿಯ ಲಾಭ ಪಡೆದವನಲ್ಲ, ಬಾಡಿಗೆ ಕಟ್ಟಲು ಒದ್ದಾಡುತ್ತಿರುವವನು.

ಆದರೂ ಒಂದನ್ನು ಒಪ್ಪಬೇಕು. ಲಂಡನ್ನಿನ ತಮ್ಮದೇ ಪಕ್ಷದ ನೀತಿಯನ್ನು, ತಮ್ಮದೇ ಸಹಿ ಇದ್ದ ನೀತಿಯನ್ನು, ಒಂಬತ್ತೇ ತಿಂಗಳಲ್ಲಿ ಡ್ಯೂವರ್ ತಾವೇ ತೆಗೆದರು. ಸದನದ ಲೆಕ್ಕ ಹಾಗಿತ್ತು, ಆ ಲೆಕ್ಕವನ್ನು ಬರೆದವರು ಅವರೇ. ನಾನು ಎಂಜಿನಿಯರಿಂಗ್ ಓದಿದವನು, ಸಿಇಟಿ ಸೀಟು, ಕಾಮೆಡ್-ಕೆ ಸೀಟು, ಮ್ಯಾನೇಜ್‌ಮೆಂಟ್ ಸೀಟು ಅಂತ ಒಂದೇ ಬೆಂಚಿನಲ್ಲಿ ಮೂರು ರೇಟಿನವರು ಕೂತಿದ್ದ ಕ್ಲಾಸಿನಿಂದ ಬಂದವನು. ನಮ್ಮ ಫೀಸು ಎಷ್ಟು ಅನ್ನೋದು ಒಂದು ಶಾಸನಸಭೆಯ ನಡುಮನೆಯಲ್ಲಿ, ಸರ್ಕಾರ ಉಳಿಯುತ್ತೋ ಬೀಳುತ್ತೋ ಅನ್ನೋ ಮಟ್ಟಿಗೆ ಚರ್ಚೆಯಾಗಬಹುದು ಅಂತ ಆಗ ನನ್ನ ಕಲ್ಪನೆಗೂ ಬಂದಿರಲಿಲ್ಲ.

2000 ಡ್ಯೂವರ್‌ಗೆ ಕೆಟ್ಟ ವರ್ಷ. ಮೇನಲ್ಲಿ ಹೃದಯದ ಕವಾಟದ ಶಸ್ತ್ರಚಿಕಿತ್ಸೆ. ಆಗಸ್ಟಿನಲ್ಲಿ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು, ಡೇಟಾ ಎಲ್ಲ ಕೈಕೊಟ್ಟು ಸಾವಿರಾರು ಮಕ್ಕಳಿಗೆ ತಪ್ಪು ಅಥವಾ ಅರ್ಧಂಬರ್ಧ ಫಲಿತಾಂಶ ಹೋಯಿತು, ಅದೂ ವಿಶ್ವವಿದ್ಯಾಲಯ ಸೇರುವ ಹೊತ್ತಿನಲ್ಲಿ. ಇನ್ನು ಲಂಡನ್ನಿನ ಮೇಲೆ ತಪ್ಪು ಹಾಕೋ ಹಾಗಿರಲಿಲ್ಲ. ಅಕ್ಟೋಬರ್ 10ರಂದು ತಮ್ಮ ಅಧಿಕೃತ ನಿವಾಸ ಬ್ಯೂಟ್ ಹೌಸ್ ಎದುರು ಜಾರಿಬಿದ್ದರು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರು, ಮಿದುಳಲ್ಲಿ ರಕ್ತಸ್ರಾವವಾಗಿ ಮರುದಿನ ತೀರಿಕೊಂಡರು. ವಯಸ್ಸು 63.

ಸರಳ ಮನುಷ್ಯ ಅಂತ ಹೆಸರಾಗಿದ್ದ ಅವರ ಆಸ್ತಿ 20 ಲಕ್ಷ ಪೌಂಡ್ ದಾಟಿತ್ತು, ಷೇರು ಮತ್ತು ಕಲಾಕೃತಿಗಳು. ಊರವರು ಹುಬ್ಬೇರಿಸಿದರು. ಗ್ಲಾಸ್ಗೋದ ಬುಕಾನನ್ ಬೀದಿಯಲ್ಲಿ 2002ರಲ್ಲಿ ನಿಲ್ಲಿಸಿದ ಅವರ ಕಂಚಿನ ಪ್ರತಿಮೆಯ ಕನ್ನಡಕವನ್ನು ಪುಂಡರು ಮತ್ತೆ ಮತ್ತೆ ಮುರಿದರು, ಕೊನೆಗೆ 2005ರಲ್ಲಿ ಪ್ರತಿಮೆಯನ್ನು ಎತ್ತರದ ಪೀಠಕ್ಕೆ ಏರಿಸಬೇಕಾಯಿತು.

ಪದವೀಧರರ ದತ್ತಿಯನ್ನು 2008ರಲ್ಲಿ ರದ್ದು ಮಾಡಲಾಯಿತು. ಇಂಗ್ಲೆಂಡಿನಲ್ಲಿ ಶುಲ್ಕ 2012ರ ಹೊತ್ತಿಗೆ 9,000 ಪೌಂಡ್ ಮುಟ್ಟಿದಾಗ ಸ್ಕಾಟಿಷ್ ವಿದ್ಯಾರ್ಥಿ ಸ್ವಂತ ನಾಡಿನಲ್ಲಿ ಕಟ್ಟುತ್ತಿದ್ದದ್ದು ಸೊನ್ನೆ. ಆದರೆ ಅದರ ಬಿಲ್ಲು ಬೇರೆ ಕಡೆ ಬಂತು. ಸರ್ಕಾರ ದುಡ್ಡು ಕೊಡುವ ಸೀಟುಗಳಿಗೆ ಮಿತಿ ಇದೆ, ಬಡವರ ಅನುದಾನ 2013ರಲ್ಲಿ ಕುಗ್ಗಿತು, ಕೆಲಸ ಮಾಡ್ತಾ ಪಾರ್ಟ್‌ಟೈಮ್ ಓದುವವರಿಗೆ ವೃತ್ತಿ ಕಾಲೇಜುಗಳಲ್ಲಿ ಜಾಗ ಕಡಿಮೆಯಾಯಿತು. ಡಂಡಿ ವಿಶ್ವವಿದ್ಯಾಲಯ 3.5 ಕೋಟಿ ಪೌಂಡ್ ಕೊರತೆಯಲ್ಲಿ ಮುಳುಗಿತು. 2025ರ ಫೆಬ್ರವರಿಯಲ್ಲಿ ಶಾಲೆಯ ನಂತರದ ಶಿಕ್ಷಣದ ಹಣಕಾಸು ಬದಲಿಸುವ ಮಸೂದೆಯೊಂದು ಸದನಕ್ಕೆ ಬಂತು: ಅಪ್ರೆಂಟಿಸ್‌ಗಳ ದುಡ್ಡನ್ನೂ ವಿಶ್ವವಿದ್ಯಾಲಯಗಳ ದುಡ್ಡನ್ನೂ ಒಂದೇ ಮಂಡಳಿ ನೋಡಿಕೊಳ್ಳಬೇಕೇ ಅಂತ. ಅದು ಮಂಡನೆಯಾದ ಹೋಲಿರೂಡ್ ಕಟ್ಟಡದ ಜಾಗ ಆರಿಸಿದ್ದು ಡ್ಯೂವರ್. ಹೆಚ್ಚೆಂದರೆ 4 ಕೋಟಿ ಪೌಂಡ್ ಅಂತ ಅವರು ಹೇಳಿದ್ದ ಆ ಕಟ್ಟಡಕ್ಕೆ ಕೊನೆಗೆ ಖರ್ಚಾಗಿದ್ದು 41.4 ಕೋಟಿ. 2004ರ ಅಕ್ಟೋಬರ್‌ನಲ್ಲಿ ಅದರ ಉದ್ಘಾಟನೆ ಆಗುವ ಹೊತ್ತಿಗೆ ಅವರು ಸತ್ತು ನಾಲ್ಕು ವರ್ಷವಾಗಿತ್ತು.