ಪುಟ್ಟ ತೂತಿನ ಹಿಂದಿನ ದೊಡ್ಡ ಮನುಷ್ಯ: ವಿಲ್ಹೆಲ್ಮ್ ಮೇಬ್ಯಾಕ್

ಮೇಬ್ಯಾಕ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಕೋಟಿಗಟ್ಟಲೆ ಬೆಲೆಯ ಕಾರು. ಆದರೆ ಆ ಹೆಸರಿನ ಮನುಷ್ಯ ಬೆಳೆದದ್ದು ಅನಾಥ ಮಕ್ಕಳ ಆಶ್ರಮದಲ್ಲಿ. ನಮ್ಮ ಥರ ಇಂಜಿನಿಯರಿಂಗ್ ಡಿಗ್ರಿ ಓದಿದವರೂ ಅಲ್ಲ.

ಹುಟ್ಟಿದ್ದು 1846ರಲ್ಲಿ, ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ. ಅಪ್ಪ ಬಡಗಿ. ಹುಡುಗನಿಗೆ ಹತ್ತು ವರ್ಷ ಆಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ರಾಯ್ಟ್ಲಿಂಗನ್ ಊರಿನ ಬ್ರೂಡರ್‌ಹೌಸ್ ಎಂಬ ಆಶ್ರಮ ಅವನನ್ನು ಸಾಕಿತು. ಅಲ್ಲೇ ಮೆಷಿನ್ ಡ್ರಾಯಿಂಗ್ ಕಲಿತ. ಅಲ್ಲಿನ ಫ್ಯಾಕ್ಟರಿ ನೋಡಿಕೊಳ್ಳೋಕೆ ಬಂದ ಗಾಟ್ಲೀಬ್ ಡೈಮ್ಲರ್ ಕಣ್ಣಿಗೆ ಈ ಹುಡುಗ ಬಿದ್ದ. ಅಲ್ಲಿಂದ ಡೈಮ್ಲರ್ ಸಾಯುವವರೆಗೂ ಇಬ್ಬರ ಸ್ನೇಹ ಬಿಡಲಿಲ್ಲ.

1882ರಲ್ಲಿ ಕಾನ್‌ಸ್ಟಾಟ್‌ನಲ್ಲಿ ಡೈಮ್ಲರ್ ಮನೆಯ ತೋಟದ ಗಾಜಿನ ಮನೆಯೇ ಇವರ ವರ್ಕ್‌ಶಾಪ್ ಆಯ್ತು. ಒಳಗೆ ಸದಾ ಟಣ್ ಟಣ್ ಸದ್ದು. ಖೋಟಾ ನಾಣ್ಯ ಮಾಡ್ತಿದ್ದಾರೆ ಅಂತ ತೋಟದ ಮಾಲಿಗೆ ಅನುಮಾನ! ಪೊಲೀಸರು ಬಂದು ನೋಡಿದರೆ ಸಿಕ್ಕಿದ್ದು ಬರೀ ಇಂಜಿನ್.

ಆಗಿನ ಕಾರ್ಬ್ಯುರೇಟರ್‌ಗಳಲ್ಲಿ ಪೆಟ್ರೋಲ್ ತಾನಾಗಿ ಆವಿಯಾಗಿ ಗಾಳಿಗೆ ಸೇರಬೇಕಿತ್ತು. ಇಂಜಿನ್‌ಗೆ ಎಷ್ಟು ಬೇಕೋ ಅಷ್ಟೇ ಕೊಡೋದು ಕಷ್ಟ. 1893ರಲ್ಲಿ ಮೇಬ್ಯಾಕ್ ಸ್ಪ್ರೇ ಕಾರ್ಬ್ಯುರೇಟರ್ ತಂದರು. ಫ್ಲೋಟ್ ಚೇಂಬರ್‌ನಲ್ಲಿ ಪೆಟ್ರೋಲ್ ಮಟ್ಟ ಒಂದೇ ಸಮ ಇರುತ್ತೆ. ಗಾಳಿ ಜೋರಾಗಿ ಹರಿಯುವ ಕಡೆ ಒತ್ತಡ ಕಡಿಮೆ ಆಗಿ, ಸಣ್ಣ ತೂತಿನ ಜೆಟ್‌ನಿಂದ ಪೆಟ್ರೋಲ್ ತುಂತುರಾಗಿ ಚಿಮ್ಮುತ್ತೆ. ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬಾಯಿಪಾಠ ಮಾಡೋ ಬರ್ನೌಲಿ ತತ್ವ ಇದೇ.

ಆ ತೂತಿಗೆ ದೊಡ್ಡ ಶತ್ರು ಚಳಿಗಾಲ. ಜರ್ಮನಿಯಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕ್ತಾರೆ, ಅದಕ್ಕೇ ಹಳೇ ಕಾರುಗಳನ್ನು ತಿಂಗಳುಗಟ್ಟಲೆ ಒಳಗೇ ನಿಲ್ಲಿಸ್ತಾರೆ. ನಿಂತ ಪೆಟ್ರೋಲ್‌ನಲ್ಲಿ ಹಗುರ ಅಂಶ ಆವಿಯಾಗಿ ಹೋಗುತ್ತೆ, ಉಳಿದದ್ದು ಆಕ್ಸಿಜನ್ ಸೇರಿ ಅಂಟಾಗಿ ಜೆಟ್ ಕಟ್ಟಿಸುತ್ತೆ. ಎಥನಾಲ್ ಇದ್ದರೆ ಅದು ನೀರಿನ ಪಸೆಯನ್ನೂ ಎಳೆದುಕೊಳ್ಳುತ್ತೆ. ಆದ್ದರಿಂದ ಕಾರು ನಿಲ್ಲಿಸುವ ಮೊದಲು ಹೊಸ ಪೆಟ್ರೋಲ್‌ನಿಂದ ಟ್ಯಾಂಕ್ ಹೆಚ್ಚುಕಡಿಮೆ ತುಂಬಿಸಿ ಸ್ಟೆಬಿಲೈಸರ್ ಹಾಕ್ತಾರೆ. ಖಾಲಿ ಜಾಗ ಕಡಿಮೆಯಾದಷ್ಟೂ ಒಳಗೆ ನೀರಿನ ಹನಿ ಕಟ್ಟೋದು, ತುಕ್ಕು ಹಿಡಿಯೋದು ಕಡಿಮೆ. ಆಮೇಲೆ ಹೊರಗೆ, ಗಾಳಿಯಾಡುವ ಜಾಗದಲ್ಲಿ ಸ್ವಲ್ಪ ಹೊತ್ತು ಇಂಜಿನ್ ಓಡಿಸಿ, ಕೊನೆಗೆ ಫ್ಲೋಟ್ ಚೇಂಬರ್ ಖಾಲಿ ಮಾಡ್ತಾರೆ. ಟ್ಯಾಂಕ್ ಫುಲ್, ಕಾರ್ಬ್ಯುರೇಟರ್ ಖಾಲಿ!

ಇನ್ನು ಮೇಬ್ಯಾಕ್ ಕಥೆಗೆ ಬರೋಣ. 1900ರ ಮಾರ್ಚ್‌ನಲ್ಲಿ ಡೈಮ್ಲರ್ ತೀರಿಕೊಂಡರು. ಅದೇ ವರ್ಷ ವ್ಯಾಪಾರಿ ಎಮಿಲ್ ಯೆಲಿನೆಕ್ ಆರ್ಡರ್ ಮೇಲೆ ಮೇಬ್ಯಾಕ್ 35 ಅಶ್ವಶಕ್ತಿಯ ಕಾರು ಡಿಸೈನ್ ಮಾಡಿದರು. 1901ರಲ್ಲಿ ಫ್ರಾನ್ಸ್‌ನ ನೀಸ್ ರೇಸ್‌ಗಳಲ್ಲಿ ಅದು ಎಲ್ಲರನ್ನೂ ಹಿಂದೆ ಹಾಕಿತು. ಕಂಪನಿಗೆ ಡೈಮ್ಲರ್ ಹೆಸರು, ಕಾರಿಗೆ ಯೆಲಿನೆಕ್ ಮಗಳು ಮರ್ಸಿಡಿಸ್ ಹೆಸರು. ಡ್ರಾಯಿಂಗ್ ಮಾಡಿದವರ ಹೆಸರು ಕಾರಿನ ಮೇಲೆ ಇರಲಿಲ್ಲ. ಕಂಪನಿಯಲ್ಲಿ ಮೂಲೆಗುಂಪಾದ ಅವರು 1907ರಲ್ಲಿ ಹೊರನಡೆದರು. ಆಗ ವಯಸ್ಸು ಅರವತ್ತೊಂದು.

ಅವರೇನೂ ಕೈಕಟ್ಟಿ ಕೂರಲಿಲ್ಲ. 1909ರಲ್ಲಿ ಮಗ ಕಾರ್ಲ್ ಜೊತೆ ಜೆಪ್ಪೆಲಿನ್ ವಾಯುನೌಕೆಗಳಿಗೆ ಇಂಜಿನ್ ಮಾಡುವ ಕಂಪನಿ ಶುರು ಮಾಡಿದರು. ಡಿಗ್ರಿ ಇಲ್ಲದ ಅವರಿಗೆ 1916ರಲ್ಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1921ರಲ್ಲಿ ಮಗನ ಕಂಪನಿಯ ಕಾರು ಬಂದಾಗ ಅದರ ಮೇಲೆ ಮೇಬ್ಯಾಕ್ ಅನ್ನೋ ಹೆಸರಿತ್ತು. ಅದನ್ನು ಕಣ್ಣಾರೆ ಕಂಡ ಅವರು 1929ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಈಗ ಹೊಸ ಬೈಕುಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಮನೆಯಲ್ಲಿ ಅಪ್ಪನ ಅಥವಾ ಮಾವನ ಹಳೇ ಬೈಕ್ ಇದ್ದರೆ, ಗೊತ್ತಿರೋ ಮೆಕ್ಯಾನಿಕ್ ಹತ್ತಿರ ಕಾರ್ಬ್ಯುರೇಟರ್ ಬಿಚ್ಚಿಸಿ ಆ ಜೆಟ್ಟನ್ನು ಒಂದ್ಸಲ ಬೆಳಕಿಗೆ ಹಿಡಿದು ನೋಡಿ. ನಾವಂತೂ ಈ ರಜೆಯಲ್ಲಿ ನೋಡೋರೇ.