ಜೆಫ್ ಹಾಲ್: ಪೋಲಿಯೋ ಕಸಿದ ಆಟಗಾರ

ಫುಟ್ಬಾಲ್ ಎಂದೊಡನೆ ನಿಮ್ಮ ಬಾಯಿಗೆ ಬರುವುದು ಗೋಲು ಹೊಡೆದವರ ಹೆಸರುಗಳು. ಪೆಲೆ, ಮರಡೋನಾ, ಝಿದಾನ್. ಗೋಲು ತಡೆಯುವ ಡಿಫೆಂಡರ್ ಒಬ್ಬರ ಹೆಸರು ಹೇಳಿ ಎಂದರೆ ನೀವು ಸ್ವಲ್ಪ ತಡವರಿಸಬಹುದು. ಜೆಫ್ ಹಾಲ್ ಅಂಥ ಒಬ್ಬ ಡಿಫೆಂಡರ್. ಆದರೂ ಬ್ರಿಟನ್ನಿನ ಪೋಲಿಯೋ ಚರಿತ್ರೆ ಬರೆಯುವವರು ಇಂದಿಗೂ ಅವರ ಹೆಸರನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಹಾಲ್ ಹುಟ್ಟಿದ್ದು 1929ರ ಸೆಪ್ಟೆಂಬರ್ 7ರಂದು, ಉಕ್ಕಿನ ಕಾರ್ಖಾನೆಗಳ ಊರಾದ ಸ್ಕನ್‌ಥಾರ್ಪ್‌ನಲ್ಲಿ. ಬ್ರಾಡ್‌ಫರ್ಡ್‌ನ ಒಂದು ಕ್ಲಬ್ಬಿನಲ್ಲಿ ಹವ್ಯಾಸಿಯಾಗಿದ್ದ ಅವರು 1950ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ಸೇರಿ ವೃತ್ತಿಪರ ಆಟಗಾರರಾದರು. ಇಂದಿನ ಕೋಟಿಗಳ ಲೆಕ್ಕ ಅಂದು ಇರಲಿಲ್ಲ. ಎಂಥ ದೊಡ್ಡ ಆಟಗಾರನಿಗೂ ವಾರದ ಸಂಬಳಕ್ಕೆ ಮಿತಿ ಇತ್ತು. 1958ರಲ್ಲಿ ಅದು 20 ಪೌಂಡು. ಹಾಲ್ ಅವರ ಜಾಗ ರೈಟ್ ಬ್ಯಾಕ್. ಎದುರಾಳಿ ತಂಡದ ಎಡಬದಿಯಿಂದ ನುಗ್ಗಿ ಬರುವ ವೇಗದ ಆಟಗಾರನನ್ನು ಬೆನ್ನು ಬಿಡದೆ ಕಾಯುವುದೇ ಅವರ ಕೆಲಸ. ಚಪ್ಪಾಳೆ ಕಡಿಮೆ, ತಪ್ಪಿದರೆ ಬೈಗುಳ ಹೆಚ್ಚು.

1955ರಲ್ಲಿ ತಂಡ ಎರಡನೇ ಡಿವಿಷನ್ ಗೆದ್ದು ಮೇಲೇರಿತು. ಮರುವರ್ಷ ಮೊದಲ ಡಿವಿಷನ್ನಿನಲ್ಲಿ ಆರನೇ ಸ್ಥಾನ ಪಡೆಯಿತಲ್ಲದೆ ಎಫ್.ಎ. ಕಪ್ ಫೈನಲ್ಲಿಗೂ ಬಂತು. 1956ರ ಮೇ 5ರಂದು ವೆಂಬ್ಲಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 3-1ರ ಸೋಲು. (ಎದುರಾಳಿ ಗೋಲ್‌ಕೀಪರ್ ಟ್ರಾಟ್‌ಮನ್ ಕತ್ತಿನ ಮೂಳೆ ಮುರಿದುಕೊಂಡೂ ಕೊನೆಯವರೆಗೆ ಆಡಿದ ಪಂದ್ಯ ಅದೇ.) ನಾಲ್ಕೇ ದಿನ ಕಳೆದು ಅದೇ ಮೈದಾನದಲ್ಲಿ ಇಂಗ್ಲೆಂಡ್ ತಂಡ ಬ್ರೆಜಿಲನ್ನು 4-2ರಿಂದ ಸೋಲಿಸಿದಾಗಲೂ ಹಾಲ್ ಆಡಿದ್ದರು.

ಇಂಗ್ಲೆಂಡ್ ಪರ ಅವರು ಆಡಿದ್ದು 17 ಪಂದ್ಯ, ಸೋತದ್ದು ಒಂದೇ ಒಂದು. ಆ ಹದಿನೇಳರಲ್ಲೂ ಎಡಬದಿಯ ಜೊತೆಗಾರ ಮ್ಯಾಂಚೆಸ್ಟರ್ ಯುನೈಟೆಡ್‌ನ ರೋಜರ್ ಬರ್ನ್. 1958ರ ಫೆಬ್ರವರಿಯಲ್ಲಿ ಮ್ಯೂನಿಕ್ ವಿಮಾನ ದುರಂತದಲ್ಲಿ ಬರ್ನ್ ತೀರಿಹೋದರು. ಆ ಜೋಡಿಯಲ್ಲಿ ಉಳಿದವರು ಹಾಲ್ ಒಬ್ಬರೇ.

1959ರ ಮಾರ್ಚ್ 21, ಶನಿವಾರ. ಪೋರ್ಟ್ಸ್‌ಮತ್‌ನಲ್ಲಿ ಪಂದ್ಯ, 1-1 ಸಮ. ಹಾಲ್ ಪೂರ್ತಿ ಆಡಿ ಮನೆಗೆ ಮರಳಿದರು. ಎರಡು ದಿನ ಕಳೆಯುವಷ್ಟರಲ್ಲಿ ಕಾಯಿಲೆ ಬಿದ್ದರು. ಆಸ್ಪತ್ರೆಯಲ್ಲಿ ಗೊತ್ತಾಯಿತು, ಪೋಲಿಯೋ. ಕೈಕಾಲುಗಳ ಬಲ ಹೋಯಿತು, ಮಾತೂ ನಿಂತಿತು. ಏಪ್ರಿಲ್ 4ರಂದು ಕೊನೆಯುಸಿರೆಳೆದರು. ಕೊನೆಯ ಪಂದ್ಯ ಆಡಿ ಹದಿನಾಲ್ಕೇ ದಿನ, ವಯಸ್ಸು 29.

ಆ ಹೊತ್ತಿಗೆ ಲಸಿಕೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅಮೆರಿಕದ ಜೋನಸ್ ಸಾಕ್ ಕಂಡುಹಿಡಿದ ಲಸಿಕೆಯನ್ನು ಬ್ರಿಟನ್ 1956ರಿಂದಲೇ ಮಕ್ಕಳಿಗೆ ಕೊಡಲು ಆರಂಭಿಸಿ, ಆಮೇಲೆ ಯುವಜನರಿಗೂ ವಿಸ್ತರಿಸಿತ್ತು. ಆದರೆ ಯುವಜನರೇ ಬರುತ್ತಿರಲಿಲ್ಲ. ಪೋಲಿಯೋ ಎಂದರೆ ಮಕ್ಕಳ ರೋಗ, ನಮಗೇಕೆ ಎಂಬ ಉದಾಸೀನ. ಸೂಜಿಯೋ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ. ಅಂಜಿಕೆಗೂ ಕಾರಣವಿಲ್ಲದಿರಲಿಲ್ಲ: 1955ರಲ್ಲಿ ಅಮೆರಿಕದಲ್ಲಿ ಸರಿಯಾಗಿ ತಯಾರಾಗದ ಲಸಿಕೆಯಿಂದಲೇ ಹಲವು ಮಕ್ಕಳಿಗೆ ಪೋಲಿಯೋ ತಗಲಿತ್ತು.

ಹಾಲ್ ಸಾವು ಈ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು. ಶನಿವಾರ ಮೈದಾನದಲ್ಲಿ ಓಡಿದ, ದೇಶದ ಗಟ್ಟಿಮುಟ್ಟಾದ ಆಟಗಾರನೇ ಹೋದ ಮೇಲೆ ನಮ್ಮ ಪಾಡೇನು ಎಂದು ಜನ ಗಾಬರಿಯಾದರು. ಅವರ ಪತ್ನಿ ದುಃಖ ನುಂಗಿಕೊಂಡು ದೂರದರ್ಶನದಲ್ಲಿ ಮಾತಾಡಿದರು. ಸರಕಾರದ ಭಿತ್ತಿಪತ್ರಗಳಿಂದ ಆಗದ ಕೆಲಸ ಆ ಮಾತುಗಳಿಂದ ಆಯಿತು. ಲಸಿಕಾ ಕೇಂದ್ರಗಳ ಮುಂದೆ ತರುಣ ತರುಣಿಯರ ಉದ್ದನೆಯ ಸಾಲು. ತುರ್ತಾಗಿ ಹೊಸ ಕೇಂದ್ರಗಳನ್ನು ತೆರೆಯಬೇಕಾಯಿತು, ಅಮೆರಿಕದಿಂದ ವಿಮಾನದಲ್ಲಿ ಲಸಿಕೆ ತರಿಸಬೇಕಾಯಿತು.

ಈ ಉದಾಸೀನ, ಈ ಅಂಜಿಕೆ ನಮಗೂ ಹೊಸತಲ್ಲ. ಹನಿ ಹಾಕಿಸಿದರೆ ಮುಂದೆ ಸಂತಾನವಾಗದು ಎಂಬ ಗಾಳಿಮಾತು ನಂಬಿ ಉತ್ತರ ಪ್ರದೇಶದ ಎಷ್ಟೋ ಮುಸ್ಲಿಂ ಮೊಹಲ್ಲಾಗಳಲ್ಲಿ ಬಾಗಿಲು ಮುಚ್ಚಿದ್ದುಂಟು. ಆ ಬಾಗಿಲುಗಳನ್ನು ತೆರೆಸಲು ಉಲೆಮಾಗಳೂ ಅಲೀಗಢ, ಜಾಮಿಯಾ ಮಿಲ್ಲಿಯಾದಂಥ ವಿದ್ಯಾಸಂಸ್ಥೆಗಳೂ ಮುಂದೆ ಬಂದವು. ಭಾರತದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ದೊರೆಯಿತು.

ಬರ್ಮಿಂಗ್‌ಹ್ಯಾಮ್ ಕ್ಲಬ್ಬಿನ ಸೇಂಟ್ ಆಂಡ್ರೂಸ್ ಮೈದಾನದಲ್ಲಿ 1959ರಲ್ಲೇ ಹಾಲ್ ನೆನಪಿಗೆ ಒಂದು ಸ್ಕೋರ್ ಬೋರ್ಡ್, ಅದರ ಜೊತೆ ಒಂದು ಗಡಿಯಾರ ನಿಲ್ಲಿಸಿದರು. 1990ರ ದಶಕದಲ್ಲಿ ಮೈದಾನವನ್ನು ಹೊಸದಾಗಿ ಕಟ್ಟುವಾಗ ಅದು ಕಾಣೆಯಾಯಿತು. 2008ರಲ್ಲಿ ಅಲ್ಲಿ ಅವರ ಹೆಸರಿನ ಹೊಸ ಗಡಿಯಾರವೊಂದನ್ನು ಕೂರಿಸಲಾಯಿತು.